ಚಿತ್ರ ಬಿಡಿಸಲಿಕ್ಕೆ ಬಾರದವನಿಗೆ ಕಾಮಿಕ್ ಕಾನ್‌ನಲ್ಲಿ ಎಂತ ಕೆಲಸ?

ಪೆರ್ಲದಿಂದ, ಪ್ರಶ್ನೆ ಕೇಳಿದವನು:

ಎಲ್ಲರಿಗೂ ನಮಸ್ಕಾರ. ಡಿಗ್ರಿ ಕೊನೆಯ ವರ್ಷದಲ್ಲಿದ್ದೇನೆ. ಅಕ್ಕ ಕೂಡಿಟ್ಟ ಹಳೆಯ ಬಾಲಮಂಗಳ, ಪಕ್ಕದ ಮನೆಯ ಮಲಯಾಳ ಬಾಲರಮ, ಇವೆರಡನ್ನೂ ಓದಿ ದೊಡ್ಡವನಾದದ್ದು. ಈಗ ಕಾಮಿಕ್ಸ್‌ಗೆ ಕಥೆ ಬರೆಯುತ್ತೇನೆ. ಒಂದು ಉದ್ದದ ಸ್ಕ್ರಿಪ್ಟ್ ಮುಗಿದುಂಟು, ಕನ್ನಡದಲ್ಲೇ. ಆದರೆ ಚಿತ್ರ ಬರುವುದಿಲ್ಲ. ನಾನು ಬಿಡಿಸಿದ ದನವನ್ನು ದನ ಎಂದು ನಾನೇ ಹೇಳಬೇಕು. ಬೆಂಗಳೂರಿನ ಕಾಮಿಕ್ ಕಾನ್‌ಗೆ ಹೋಗುವ ಆಸೆ, ಕಾಮಿಕ್ಸ್ ಮಾಡುವವರೂ ಓದುವವರೂ ಸೇರುವ ದೊಡ್ಡ ಮೇಳ ಅದು. ಯಾರನ್ನು ಕಾಣಬೇಕು, ಎಂತ ಹಿಡಿದುಕೊಂಡು ಹೋಗಬೇಕು, ಯಾರಾದರೂ ಕಥೆ ಕದ್ದರೆ ಎಂತ ಮಾಡುವುದು? ಅಪ್ಪನ ಪ್ರಶ್ನೆ ಬೇರೆಯೇ: ವೇಷ ನೋಡಲಿಕ್ಕೆ ಬೆಂಗಳೂರಿಗೆ ಯಾಕೆ, ಇಲ್ಲಿ ಯಕ್ಷಗಾನ ಮೇಳದ ಆಟ ಇಲ್ವಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಕುಂಬಳೆಯವರು, ಈಗ ಮಂಗಳೂರಿನಲ್ಲಿ ಕೆಲಸ:

ತಮ್ಮಾ, ಹೋಗು. ಆದರೆ ಪ್ರಕಾಶಕರನ್ನು ಹುಡುಕಿಕೊಂಡು ಹೋಗಬೇಡ, ಚಿತ್ರ ಬಿಡಿಸುವವರನ್ನು ಹುಡುಕಿಕೊಂಡು ಹೋಗು. ನಾನೂ ನಿನ್ನ ಹಾಗೆ ಬರೆಯಲಿಕ್ಕೆ ಮಾತ್ರ ಬರುವವನು, ಕೆಲವು ವರ್ಷಗಳಿಂದ ಹೋಗುತ್ತಿದ್ದೇನೆ.

ಕಾಮಿಕ್ ಕಾನ್ ಇಂಡಿಯಾ 2011ರಲ್ಲಿ ದೆಹಲಿಯಲ್ಲಿ ಶುರುವಾಗಿ ಮರುವರ್ಷ ಬೆಂಗಳೂರಿಗೆ ಬಂತು. ಈಗ ಒಳಗೆ ಹೊಕ್ಕ ಕೂಡಲೇ ಕಾಣುವುದು ವಿಡಿಯೋ ಗೇಮ್, ಆಟಿಕೆ, ಟೀ ಶರ್ಟ್, ಕಥೆಯ ಪಾತ್ರಗಳ ವೇಷ ಹಾಕಿ ಬರುವ ಕಾಸ್‌ಪ್ಲೇಯವರ ಜೊತೆ ಫೋಟೊ ತೆಗೆಸಿಕೊಳ್ಳುವ ಜನ. ಕಾಮಿಕ್ಸ್ ಇರುವ ಕಡೆಯನ್ನು ಹುಡುಕಿಕೊಂಡು ಹೋಗಬೇಕು. ಪ್ರಕಾಶಕರ ಸ್ಟಾಲ್‌ಗಳು ಇರುತ್ತವೆ. ಯಾಲಿ ಡ್ರೀಮ್ ಕ್ರಿಯೇಷನ್ಸ್, ಹೋಲಿ ಕೌ, ಬಕರ್‌ಮ್ಯಾಕ್ಸ್‌ನಂಥ ಹೆಸರುಗಳು ನಿನಗೂ ಗೊತ್ತಿರಬಹುದು. ಆದರೆ ಆ ಎರಡು ಮೂರು ದಿನ ಅವರು ಅಲ್ಲಿ ಕೂತಿರುವುದು ಪುಸ್ತಕ ಮಾರಲಿಕ್ಕೆ. ಟೈಪ್ ಮಾಡಿದ ನಿನ್ನ ಸ್ಕ್ರಿಪ್ಟ್ ಓದಲಿಕ್ಕೆ ಆ ಗಲಾಟೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಚಿತ್ರಕಾರನಿಗೆ ಈ ಕಷ್ಟ ಇಲ್ಲ. ಫೈಲ್ ಬಿಡಿಸಿ ನಾಲ್ಕು ಪುಟ ತೋರಿಸಿದರೆ ಕೈ ಹೇಗುಂಟು ಎಂದು ನೋಡಿದವರಿಗೆ ಅಲ್ಲೇ ಗೊತ್ತಾಗುತ್ತದೆ. ಬರೆಯುವವನ ಕೆಲಸ ಕೂತು ಓದದೆ ಗೊತ್ತಾಗುವುದಿಲ್ಲ. 1970ರಿಂದ ನಡೆಯುತ್ತಿರುವ ಅಮೆರಿಕದ ಸ್ಯಾನ್ ಡಿಯಾಗೊ ಕಾಮಿಕ್ ಕಾನ್‌ನಲ್ಲೂ ಕಂಪನಿಗಳವರು ಕೂತು ನೋಡುವುದು ಹೆಚ್ಚಾಗಿ ಚಿತ್ರಗಳನ್ನೇ. ಅಲ್ಲಿನ ದೊಡ್ಡ ಪ್ರಕಾಶಕರು ಕೇಳದೆ ಕಳಿಸಿದ ಸ್ಕ್ರಿಪ್ಟನ್ನು ತೆರೆಯುವುದೂ ಇಲ್ಲ.

ಹಾಗಾಗಿ ಆ ಉದ್ದದ ಕಥೆ ಸದ್ಯಕ್ಕೆ ಮನೆಯಲ್ಲೇ ಇರಲಿ. ಎಂಟು ಪುಟದಲ್ಲಿ ಮುಗಿಯುವ ಬೇರೆ ಒಂದು ಕಥೆ ಬರೆ. ಈ ಸಲ ಹೋದಾಗ ಆರ್ಟಿಸ್ಟ್ ಆ್ಯಲಿಯ ಎಲ್ಲ ಮೇಜುಗಳನ್ನೂ ನೋಡು. ಚಿತ್ರಕಾರರು ತಾವೇ ಕೂತು ತಮ್ಮ ಪುಸ್ತಕ, ಪ್ರಿಂಟ್, ಸ್ಟಿಕ್ಕರ್ ಮಾರುವ ಸಾಲು ಅದು. ಯಾರ ಗೆರೆ ನಿನ್ನ ಕಥೆಗೆ ಹೊಂದುತ್ತದೆ ಎಂದು ಗುರುತು ಹಾಕಿಕೋ, ಅವರ ಸಣ್ಣ ಪುಸ್ತಕ ಒಂದು ಕೊಂಡುಕೋ, ಊರಿಗೆ ಬಂದ ಮೇಲೆ ಪತ್ರ ಬರೆ. ಮುಂದಿನ ಸಲ ಹೋಗುವಾಗ ಕೈಯಲ್ಲಿ ಮುದ್ರಿಸಿದ ಎಂಟು ಪುಟ ಇರಬೇಕು. ಎರಡು ಎ4 ಹಾಳೆಯನ್ನು ನಡುವೆ ಮಡಚಿ ಸೆಂಟರ್ ಪಿನ್ ಹೊಡೆಸಿದರೆ ಎಂಟು ಪುಟದ ಪುಸ್ತಕ ಆಯಿತು. ಮಂಗಳೂರಿನ ಹಂಪನಕಟ್ಟೆಯ ಯಾವ ಡಿಜಿಟಲ್ ಪ್ರಿಂಟ್ ಅಂಗಡಿಯಲ್ಲೂ ಮಾಡಿಕೊಡುತ್ತಾರೆ. ಪುಟಗಳು ಯಾವಾಗಲೂ ನಾಲ್ಕರ ಲೆಕ್ಕದಲ್ಲಿ ಬರಬೇಕು, ಒಂಬತ್ತು ಪುಟದ ಕಥೆ ಬರೆದು ಅಂಗಡಿಯವರ ಹತ್ತಿರ ಬೈಸಿಕೊಳ್ಳಬೇಡ. ಪ್ರಕಾಶಕರಿಗೆ ಕೊಡುವುದಾದರೂ ಅದನ್ನೇ ಕೊಡು, ಸ್ಕ್ರಿಪ್ಟನ್ನಲ್ಲ. ಮನೆಗೆ ಹೋಗಿ ಓದಿಯಾರು.

ಅಪ್ಪನಿಗೆ ಒಂದು ಮಾತು ಹೇಳು. ನಮ್ಮ ಯಕ್ಷಗಾನ ಕವಿ ಪಾರ್ತಿಸುಬ್ಬನ ಪ್ರಸಂಗದಲ್ಲಿ ಇರುವುದು ಪದ್ಯ ಮಾತ್ರ, ಅರ್ಥ ಅಂದರೆ ಮಾತು ಹೇಳುವುದು ರಂಗದಲ್ಲಿ ವೇಷಧಾರಿ. ಕಾಮಿಕ್ಸ್‌ನಲ್ಲೂ ಹಾಗೊಂದು ಪದ್ಧತಿ ಉಂಟು, ಮಾರ್ವೆಲ್ ಪದ್ಧತಿ ಎನ್ನುತ್ತಾರೆ. ಬರೆಯುವವನು ಕಥೆಯ ನಡೆಯನ್ನಷ್ಟೇ ಕೊಡುವುದು, ಚಿತ್ರಕಾರ ಪುಟಗಳಿಗೆ ಹಂಚಿ ಬಿಡಿಸುವುದು, ಮಾತು ಕೂರಿಸುವುದು ಆಮೇಲೆ. ಇನ್ನೊಂದು ಪೂರ್ತಿ ಸ್ಕ್ರಿಪ್ಟ್: ಯಾವ ಪುಟದಲ್ಲಿ ಎಷ್ಟು ಚೌಕ, ಯಾವುದರಲ್ಲಿ ಎಂತ ಕಾಣಬೇಕು, ಯಾರು ಎಂತ ಹೇಳುತ್ತಾರೆ ಎಲ್ಲ ಮೊದಲೇ ಬರೆಯುವುದು. ಹೊಸಬನಿಗೆ ಎರಡನೆಯದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಗುರುತಿಲ್ಲದ ಚಿತ್ರಕಾರ ನಿನ್ನ ಮನಸ್ಸಿನಲ್ಲಿರುವುದನ್ನು ಊಹಿಸಬೇಕೆಂದು ಕೂತರೆ ಆಗಲಿಕ್ಕಿಲ್ಲ.

ಉಪ್ಪಳದವರು, ಚಿತ್ರಕಲಾವಿದೆ:

ನಾನು ಆ ಮೇಜಿನ ಇನ್ನೊಂದು ಬದಿಯಲ್ಲಿ ಕೂರುವವಳು. ಕುಂಬಳೆಯ ಅಣ್ಣ ಹೇಳಿದ್ದು ಸರಿ, ನನ್ನದೂ ಸ್ವಲ್ಪ ಸೇರಿಸುತ್ತೇನೆ.

ಬಾಗಿಲು ತೆರೆದ ಮೊದಲ ಗಂಟೆಯಲ್ಲಿ ಬನ್ನಿ. ಮಧ್ಯಾಹ್ನದ ಮೇಲೆ ಜನ ಹೆಚ್ಚು, ಆಗ ಮೇಜಿನ ಮುಂದೆ ನಿಂತು ಕಥೆ ಹೇಳಲಿಕ್ಕೆ ಶುರು ಮಾಡಿದರೆ ಹಿಂದಿನಿಂದ ಕೊಳ್ಳುವವರು ಹಾಗೇ ಮುಂದೆ ಹೋಗುತ್ತಾರೆ. ಆ ಮೇಜಿಗೆ ನಾವು ಬಾಡಿಗೆ ಕೊಟ್ಟಿರುತ್ತೇವೆ ಮಾರಾಯ್ರೆ. ಗಿರಾಕಿ ಬಂದರೆ ಒಂದು ಹೆಜ್ಜೆ ಬದಿಗೆ ಸರಿಯುವವರ ಮೇಲೆ ನನಗೆ ಆ ಕ್ಷಣವೇ ಗೌರವ ಬರುತ್ತದೆ.

ಕಥೆಯನ್ನು ಎರಡು ವಾಕ್ಯದಲ್ಲಿ ಹೇಳಲಿಕ್ಕೆ ಬರಬೇಕು. ಯಾರ ಕಥೆ, ಅವರಿಗೆ ಎಂತ ಬೇಕು, ಯಾವುದು ಅಡ್ಡ. ಏಳು ಲೋಕ, ಹದಿನೆಂಟು ಕುಲ, ಸಾವಿರ ವರ್ಷದ ಹಿಂದಿನ ಶಾಪ ಎಲ್ಲ ಆಮೇಲೆ.

ದುಡ್ಡಿನ ವಿಷಯ. ‘ನೀವು ಬಿಡಿಸಿ, ಲಾಭ ಬಂದರೆ ಅರ್ಧ ಅರ್ಧ’ ಎಂದು ಗುರುತಿಲ್ಲದವರು ಬಂದು ಹೇಳುವುದುಂಟು. ಪೆನ್ಸಿಲ್, ಶಾಯಿ, ಬಣ್ಣ ಎಲ್ಲ ಸೇರಿ ಒಂದು ಪುಟ ಒಂದೇ ದಿನದಲ್ಲಿ ಮುಗಿಯುವುದು ಅಪರೂಪ. ಬರುತ್ತದೋ ಇಲ್ಲವೋ ಗೊತ್ತಿಲ್ಲದ ಲಾಭಕ್ಕೆ ಯಾರು ಅಷ್ಟು ದಿನ ಕೂರುತ್ತಾರೆ? ಪುಟಕ್ಕೆ ಎಷ್ಟು ಎಂದು ಕೇಳಿ. ನಿಮ್ಮ ಕೈಯಲ್ಲಿ ಎರಡೇ ಪುಟಕ್ಕೆ ದುಡ್ಡು ಇದ್ದರೆ ಎರಡು ಪುಟದ ಕಥೆ ಬರೆಯಿರಿ. ಅಥವಾ ನಿಮ್ಮ ಹಾಗೆಯೇ ಶುರು ಮಾಡುತ್ತಿರುವವರನ್ನು ಹುಡುಕಿ, ಚಿತ್ರಕಲೆ ಕಲಿಯುವ ಮಕ್ಕಳಲ್ಲಿ ಕಥೆ ಬೇಕಾದವರು ತುಂಬ ಇದ್ದಾರೆ. ಅಂಥವರ ಜೊತೆ ಅರ್ಧ ಅರ್ಧ ಎಂದರೆ ಅದು ಬೇರೆ ಮಾತು.

ಮತ್ತೆ ಸ್ಕ್ರಿಪ್ಟ್. ಒಬ್ಬರು ಒಂದು ಚೌಕಕ್ಕೆ ಹೀಗೆ ಬರೆದು ತಂದಿದ್ದರು: ‘ಅವನು ಬಾಗಿಲು ತೆರೆದು ಒಳಗೆ ಬಂದು ಅಜ್ಜಿಯನ್ನು ನೋಡಿ ಬೆಚ್ಚಿಬಿದ್ದು ಕೋಲು ಎತ್ತಿಕೊಂಡ.’ ಇದರಲ್ಲಿ ನಾನು ಯಾವುದನ್ನು ಬಿಡಿಸುವುದು? ಒಂದು ಚೌಕದಲ್ಲಿ ಒಂದೇ ಕ್ಷಣ ಕಾಣುತ್ತದೆ. ಅದು ಮೂರು ಚೌಕ ಆಗಬೇಕು, ಇಲ್ಲದಿದ್ದರೆ ಕೋಲು ಎತ್ತಿದ್ದನ್ನು ಮಾತ್ರ ಇಟ್ಟುಕೊಳ್ಳಬೇಕು, ತೆರೆದ ಬಾಗಿಲು ಹಿಂದೆ ಕಾಣಲಿ. ‘ಅವನಿಗೆ ಸತ್ತ ತಮ್ಮನ ನೆನಪಾಯಿತು’ ಎಂದು ಬರೆದರೆ ಅದನ್ನು ಬಿಡಿಸಲಿಕ್ಕೆ ಬರುವುದಿಲ್ಲ. ಗೋಡೆಯ ಮೇಲಿನ ಫೋಟೊ ನೋಡಿದ ಎಂದು ಬರೆಯಿರಿ, ಬಿಡಿಸಬಹುದು.

ಪುಟ ತಿರುಗಿಸುವುದನ್ನೂ ಮರೆಯಬಾರದು. ಪುಸ್ತಕ ಬಿಡಿಸಿದಾಗ ಬೆಸ ಸಂಖ್ಯೆಯ ಪುಟ ಬಲಗಡೆ ಬರುತ್ತದೆ. ಓದುವವರು ಬೆಚ್ಚಬೇಕಾದ ಚಿತ್ರವನ್ನು ಬಲಪುಟದಲ್ಲಿ ಇಟ್ಟರೆ ಎಡಪುಟ ಓದುವಾಗಲೇ ಕಣ್ಣಿಗೆ ಬೀಳುತ್ತದೆ. ಬಲಪುಟದ ಕೊನೆಯ ಚೌಕದಲ್ಲಿ ಕುತೂಹಲ ನಿಲ್ಲಿಸಿ, ತಿರುಗಿಸಿದ ಮೇಲಿನ ಎಡಪುಟದಲ್ಲಿ ತೋರಿಸಿ.

ಕಾಸರಗೋಡು ವಿದ್ಯಾನಗರದವರು, ವಕೀಲರು:

ಕಥೆ ಕದಿಯುವ ಹೆದರಿಕೆಗೆ ಉತ್ತರ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀನು ಬರೆದ ಗಳಿಗೆಯಿಂದಲೇ ಹಕ್ಕು ನಿನ್ನದು. ನೋಂದಣಿ ಕಡ್ಡಾಯ ಅಲ್ಲ. ಹಕ್ಕು ನಿನ್ನ ಜೀವಮಾನ ಪೂರ್ತಿ, ನಂತರ 60 ವರ್ಷ. ಆದರೆ ರಕ್ಷಣೆ ಇರುವುದು ಬರೆದ ರೂಪಕ್ಕೆ, ಬರೀ ಕಲ್ಪನೆಗೆ ಅಲ್ಲ. 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾಡಿದೆ. ‘ಮೊಸಳೆ ಕಾಯುವ ದೇವಸ್ಥಾನ’ ಎಂಬಷ್ಟನ್ನೇ ಹೇಳಿ, ಬೇರೆಯವರು ಅದರ ಮೇಲೆ ಬೇರೆಯೇ ಕಥೆ ಬರೆದರೆ ಕೇಳಲಿಕ್ಕಾಗುವುದಿಲ್ಲ. ನಿನಗೆ ನೀನೇ ಈಮೇಲ್ ಮಾಡಿಟ್ಟುಕೋ, ದಿನಾಂಕಕ್ಕೆ ದಾಖಲೆ ಇರುತ್ತದೆ.

ನನ್ನ ಚಿಂತೆ ಕಳ್ಳರದ್ದಲ್ಲ, ಸಹಿ ಮಾಡಿಸಿಕೊಳ್ಳುವವರದ್ದು. ಹಕ್ಕು ವರ್ಗಾವಣೆ ಬಾಯಿಮಾತಿನಲ್ಲಿ ಆಗುವುದಿಲ್ಲ, ಬರಹದಲ್ಲಿ ಸಹಿಯೊಂದಿಗೆ ಇರಬೇಕು. ಕಾಯ್ದೆಯ 19ನೇ ಸೆಕ್ಷನ್ ಓದು. ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದು ಲೆಕ್ಕ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಾಗಾಗಿ ತಯಾರಿದ್ದ ಕಾಗದದಲ್ಲಿ ‘ಶಾಶ್ವತವಾಗಿ’, ‘ಪ್ರಪಂಚದಾದ್ಯಂತ’ ಎಂಬ ಮಾತು ಕಂಡರೆ ಅಲ್ಲೇ ಪೆನ್ನು ತೆಗೆಯಬೇಡ, ಮನೆಗೆ ತಾ. ಚಿತ್ರಕಾರರ ಜೊತೆಯೂ ಅಷ್ಟೆ: ಕಥೆ ಯಾರದು, ಪಾತ್ರದ ರೂಪ ಯಾರದು, ಮುಂದೆ ಯಾರಾದರೂ ಸಿನಿಮಾ ಮಾಡುತ್ತೇವೆ ಎಂದರೆ ಹೇಗೆ, ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಸ್ನೇಹಿತರ ನಡುವೆ ಕಾಗದ ಎಂತಕ್ಕೆ ಎನ್ನುವವರು ನಮ್ಮ ಕಚೇರಿಗೆ ಆಮೇಲೆ ಬರುತ್ತಾರೆ.

ಮಂಜೇಶ್ವರದವರು:

ಹೋಗುವ ದಾರಿ ಮಾತ್ರ ಹೇಳುತ್ತೇನೆ. ಕಣ್ಣೂರು–ಬೆಂಗಳೂರು ರಾತ್ರಿ ರೈಲು ಕಾಸರಗೋಡಿನಲ್ಲಿ ನಿಲ್ಲುತ್ತದೆ, ಮಂಗಳೂರು, ಸುಬ್ರಹ್ಮಣ್ಯ ರಸ್ತೆ ದಾರಿಯಾಗಿ ಹೋಗಿ ಬೆಳಿಗ್ಗೆ ಮುಟ್ಟಿಸುತ್ತದೆ. ಕಾಮಿಕ್ ಕಾನ್ ವೈಟ್‌ಫೀಲ್ಡ್ ಕಡೆಯ ಕೆಟಿಪಿಒ ಪ್ರದರ್ಶನ ಸಭಾಂಗಣದಲ್ಲಿ ಆದರೆ ರೈಲ್ವೆ ಸ್ಟೇಷನ್ನಿನಿಂದಲೇ ನೇರಳೆ ಮೆಟ್ರೊ ಹತ್ತಬಹುದು, ಬದಲಿಸಲಿಕ್ಕಿಲ್ಲ. ಜಾಗ, ದಿನಾಂಕ ಎರಡನ್ನೂ ಟಿಕೆಟ್ ಮಾಡುವ ಮೊದಲು ನೋಡು, ಪ್ರತಿ ವರ್ಷ ಒಂದೇ ತಿಂಗಳಲ್ಲಿ ಆಗುವುದಿಲ್ಲ. ಚೆನ್ನೈಯಲ್ಲೂ 2024ರಿಂದ ಉಂಟು, ನಮಗೆ ಮಂಗಳೂರು–ಚೆನ್ನೈ ಮೇಲ್ ರೈಲು ಇದೆ. ಒಳಗೆ ಊಟಕ್ಕೆ ಕ್ರಯ ಜಾಸ್ತಿ, ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಹೋಗು. ನಿನ್ನ ಹೆಸರು, ಈಮೇಲ್ ಬರೆದ ಚೀಟಿ ಇಟ್ಟುಕೋ, ಜನ ಸೇರಿದಾಗ ನೆಟ್‌ವರ್ಕ್ ಸಿಗುವುದಿಲ್ಲ.

ಬದಿಯಡ್ಕದವರು, ಕನ್ನಡ ಮೇಷ್ಟ್ರು:

ನನ್ನದು ಸ್ವಲ್ಪ ಅಪಸ್ವರ. ಅಲ್ಲಿ ಮಾರುವುದು ಹೆಚ್ಚಾಗಿ ಇಂಗ್ಲಿಷ್, ಅದು ಬಿಟ್ಟರೆ ಹಿಂದಿ. ಕನ್ನಡದ ಪುಟ ಹಿಡಿದು ಹೋದವನು ಮೊದಲೇ ಅದಕ್ಕೆ ತಯಾರಿರಬೇಕು. ಅಮರ ಚಿತ್ರ ಕಥೆಯನ್ನು 1967ರಲ್ಲಿ ಶುರು ಮಾಡಿದ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ, ನಮ್ಮಿಂದ ದೂರ ಏನಲ್ಲ. ಹಾಗಿದ್ದೂ ಕನ್ನಡದಲ್ಲಿ ಕಾಮಿಕ್ಸ್‌ಗೆಂದೇ ಕಥೆ ಬರೆಯುವವರು ಬೆರಳೆಣಿಕೆ. ನಿನ್ನ ಎಂಟು ಪುಟವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮಾಡಿಸು, ಚಿತ್ರ ಅದೇ, ಮಾತು ಮಾತ್ರ ಬೇರೆ.

ಬೆಂಗಳೂರಿಗೆ ಹೋದವನು ಎಂ.ಜಿ. ರಸ್ತೆಯ ಹತ್ತಿರ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಗೂ ಹೋಗು. ಕುಂದಾಪುರದಲ್ಲಿ ಕಾರ್ಟೂನು ಹಬ್ಬ ಆಗುವಾಗಲೂ ಹೋಗಬಹುದು. ಅಲ್ಲಿರುವುದು ವ್ಯಂಗ್ಯಚಿತ್ರವೇ ಹೊರತು ಕಾಮಿಕ್ಸ್ ಅಲ್ಲ, ಆದರೆ ಕನ್ನಡದಲ್ಲಿ ಮಾತಾಡುವ ಚಿತ್ರಕಾರರು ಒಂದೇ ಕಡೆ ಸಿಗುತ್ತಾರೆ. ಇಂಡಿ ಕಾಮಿಕ್ಸ್ ಫೆಸ್ಟ್ ಎಂಬ ಸಣ್ಣ ಮೇಳವೂ ಉಂಟು, ತಾವೇ ಅಚ್ಚು ಹಾಕಿಸಿದ್ದನ್ನು ಮಾರುವವರದ್ದು. ಗಲಾಟೆ ಕಡಿಮೆ, ಮಾತಿಗೆ ಜನ ಸಿಗುತ್ತಾರೆ. ನಿನಗೆ ನಿಜವಾಗಿ ಬೇಕಾದದ್ದು ಅದೇ ಎಂದು ನನ್ನ ಅಂದಾಜು.

ಕಥೆಯ ಬಗ್ಗೆಯೂ ಒಂದು ಮಾತು. ಕಣ್ಣಿನಿಂದ ಬೆಂಕಿ ಬಿಡುವ ವೀರರು ಆ ಸಭಾಂಗಣದಲ್ಲಿ ಬೇಕಾದಷ್ಟು ಇದ್ದಾರೆ. ನೀನು ನಮ್ಮ ಊರಿನ ಕಥೆ ಬರೆ. ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ಮೊಸಳೆ 2022ರಲ್ಲಿ ಸತ್ತಾಗ ನೋಡಲಿಕ್ಕೆ ಬಂದ ಜನ ಎಷ್ಟು! ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡುವ ಹುಡುಗಿ ಬೆಂಗಳೂರಿನ ಯಾವ ಮೇಜಿನಲ್ಲಿ ಸಿಗುತ್ತಾಳೆ?

ಪೆರ್ಲದಿಂದ, ಪ್ರಶ್ನೆ ಕೇಳಿದವನು:

ಎಲ್ಲರಿಗೂ ತುಂಬ ಉಪಕಾರ. ಅಪ್ಪ ಪಾರ್ತಿಸುಬ್ಬನ ಹೆಸರು ಕೇಳಿ ‘ಹೋಗಿ ಬಾ’ ಎಂದರು. ಇನ್ನೊಂದೇ ಪ್ರಶ್ನೆ. ಬೆಂಗಳೂರಿನ ಚಿತ್ರಕಾರರಿಗೆ ಕನ್ನಡ ಅಕ್ಷರ ಕೂರಿಸಲಿಕ್ಕೆ ಬಾರದಿದ್ದರೆ?

ನೀರ್ಚಾಲಿನವರು, ಡಿಟಿಪಿ ಕೆಲಸ:

ಅಕ್ಷರದ ಕೆಲಸ ನೀನೇ ಕಲಿ ತಮ್ಮಾ, ಚಿತ್ರ ಬಾರದವನಿಗೆ ಇದು ಕೈಯಲ್ಲಿರಬೇಕಾದ ವಿದ್ಯೆ. ಚಿತ್ರಕಾರರಿಂದ ಮಾತಿನ ಗುಳ್ಳೆ ಖಾಲಿ ಬಿಟ್ಟ ಫೈಲ್ ತೆಗೆದುಕೋ. ಹಳೆಯ ಫೋಟೊಶಾಪ್‌ನಲ್ಲಿ ಯುನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಚೆದುರಿ ಬೀಳುವುದುಂಟು. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ, ಪ್ಯಾರಾಗ್ರಾಫ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಹಾಕಿದರೆ ಸರಿಯಾಗುತ್ತದೆ. ದುಡ್ಡು ಕೊಡಲಿಕ್ಕಿಲ್ಲದಿದ್ದರೆ ಇಂಕ್‌ಸ್ಕೇಪ್ ಉಂಟು, ಅದರಲ್ಲಿ ಕನ್ನಡ ಸರಿಯಾಗಿ ಬರುತ್ತದೆ. ನುಡಿಯ ಹಳೆಯ ಫಾಂಟ್ ಬಳಸಿದರೆ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಾಗ ಅರ್ಥವಿಲ್ಲದ ಗೀಚು ಕಾಣುತ್ತದೆ.

ನಮ್ಮ ಪದಗಳು ಉದ್ದ, ಒತ್ತು ಸಾಲಿನ ಕೆಳಗೆ ಇಳಿಯುತ್ತದೆ, ಸಾಲುಗಳ ನಡುವೆ ಜಾಗ ಹೆಚ್ಚು ಬೇಕು. ಇಂಗ್ಲಿಷಿನ ಅಳತೆಗೆ ಬಿಡಿಸಿದ ಗುಳ್ಳೆಯಲ್ಲಿ ಕನ್ನಡ ಹಿಡಿಸುವುದಿಲ್ಲ, ಚಿತ್ರಕ್ಕೆ ಮೊದಲೇ ಅದನ್ನು ಹೇಳಿಬಿಡು, ಅಥವಾ ಮಾತನ್ನೇ ಕಡಿಮೆ ಮಾಡು. ದಡಾರ್, ಚಟಾರ್ ಎಂಬ ಶಬ್ದಗಳನ್ನು ಮಾತ್ರ ಚಿತ್ರಕಾರರ ಕೈಯಲ್ಲೇ ಬಿಡಿಸು, ಹೇಗೆ ಬರೆಯುವುದೆಂದು ದೊಡ್ಡದಾಗಿ ಬರೆದು ಕಳಿಸಿದರೆ ಕನ್ನಡ ಬಾರದವರೂ ನೋಡಿ ಬಿಡಿಸುತ್ತಾರೆ. ಪ್ರೆಸ್ಸಿಗೆ ಕೊಡುವಾಗ ಅಕ್ಷರಗಳನ್ನು ಔಟ್‌ಲೈನ್ ಮಾಡಿದ, ಅಂದರೆ ಗೆರೆಯ ಆಕಾರಕ್ಕೆ ತಿರುಗಿಸಿದ ಪಿಡಿಎಫ್ ಕೊಡು, ಒಂದು ಪ್ರತಿ ತೆಗೆಸಿ ಓದಿದ ಮೇಲೆ ಉಳಿದದ್ದಕ್ಕೆ ಹೇಳು.