ಎರಡೂ ‘ಸೀತಾಳೆ ದಂಡೆ’ಯೇ? ಗುರುತಿಸೋದು ಹೇಗೆ?

ತೋಟದಂಚು:
ಸೋಮವಾರಪೇಟೆ ಕಡೆಯ ಕಾಫಿ ತೋಟ. ಒಂದೇ ಹಲಸಿನ ಮರದಲ್ಲಿ ಎರಡು ಸೀತಾಳೆ (ಮರದ ಮೇಲೆ ಬೆಳೆಯೋ ಆರ್ಕಿಡ್) ಗಿಡ ಹೂ ಬಿಟ್ಟಿವೆ. ಎರಡರದ್ದೂ ಜೋತು ಬಿದ್ದ ದಂಡೆ, ಬಿಳಿ-ನೇರಳೆ ಹೂ. ಒಂದು ಒತ್ತೊತ್ತಾಗಿದೆ, ಇನ್ನೊಂದು ಸ್ವಲ್ಪ ಬಿಡಿ. ಒಂದೇ ಜಾತಿಯಾ? ಹೂ ಉದುರಿದ ಮೇಲೆ ಎಲೆ ನೋಡಿ ಹೇಳಬಹುದಾ?

ಮಳೆಕಾಡು:
ಒತ್ತು-ಬಿಡಿ ನೋಡಿ ತೀರ್ಮಾನ ಮಾಡಬೇಡಿ, ಬಡಕಲು ಗಿಡದಲ್ಲಿ ಹೂವೇ ಕಡಿಮೆ ಇರುತ್ತೆ. ಒಂದು ಹೂ ಬಿಡಿಸಿ ಪಕ್ಕದಿಂದ ನೋಡಿ. ತುಟಿದಳದ (ಉಳಿದವಕ್ಕಿಂತ ಬೇರೆ ಆಕಾರದ ಎಸಳು) ಬುಡದಲ್ಲಿ ಸಣ್ಣ ಚೀಲ ಇದೆಯಲ್ಲ, ಅದೇ ಮುಖ್ಯ. ಇಲ್ಲಿ ಗೊಂದಲ ಆಗೋದು ಎರಡು ಆರ್ಕಿಡ್ ಕುಲಗಳ ನಡುವೆ, ರಿಂಕೋಸ್ಟೈಲಿಸ್ ಮತ್ತು ಏರಿಡಿಸ್. ರಿಂಕೋಸ್ಟೈಲಿಸ್ ರೆಟ್ಯೂಸಾದಲ್ಲಿ ಅದು ಎರಡೂ ಬದಿಯಿಂದ ಅದುಮಿದ ಹಾಗೆ ಚಪ್ಪಟೆ, ಹಿಂದಕ್ಕೆ ತೊಟ್ಟಿನ ಕಡೆ ಚಾಚಿರುತ್ತೆ. ಏರಿಡಿಸ್‌ನಲ್ಲಿ ಕೊಂಬಿನ ಹಾಗೆ, ತುದಿ ಮುಂದಕ್ಕೆ ಬಾಗಿರುತ್ತೆ.

ಬಹಳ ಜನ ತಪ್ಪೋದು ಇಲ್ಲೇ: ದಂಡೆ ತಲೆಕೆಳಗಾಗಿ ನೇತಾಡ್ತಾ ಇರೋದರಿಂದ ನೆಲದ ದಿಕ್ಕು ನೋಡಿ ‘ಮುಂದೆ, ಹಿಂದೆ’ ಅಂತಾರೆ. ಹೂವಿನ ಬಾಯಿ ಇರೋ ಕಡೆ ಮುಂದೆ, ತೊಟ್ಟಿನ ಕಡೆ ಹಿಂದೆ. ಹಾಗೇ 10 ಪಟ್ಟು ದೊಡ್ಡದು ಮಾಡೋ ಲೆನ್ಸಲ್ಲಿ ತುಟಿದಳ ನೋಡಿ. ರಿಂಕೋಸ್ಟೈಲಿಸ್‌ದು ಒಂದೇ ನಾಲಗೆ, ಏರಿಡಿಸ್‌ದು ಮೂರು ಹಾಲೆ (ಸೀಳಿದಂತಿರೋ ಭಾಗ). ಪಕ್ಕದ ಹಾಲೆಗಳು ಚಿಕ್ಕವಾದ್ರೆ ಬರಿಗಣ್ಣಿಗೆ ತಪ್ಪಿಹೋಗುತ್ತವೆ.

ಬೇರುಬಿಳಲು:
ಏರಿಡಿಸ್ ಅಂತಾದರೆ ಅಲ್ಲಿಗೇ ನಿಲ್ಲಿಸಬೇಡಿ, ಅದರಲ್ಲಿ ಯಾವ ಜಾತಿ ಅಂತಲೂ ನೋಡಿ. ಹೂ ಸುಮಾರು 3 ಸೆಂ.ಮೀ. ಅಗಲ, ನಡುಹಾಲೆಯ ಅಂಚು ನಿರಿಗೆ ಹಿಡಿದು ಸಣ್ಣಗೆ ಹರಿದಂತಿದ್ದು, ಕಾಂಡಕ್ಕೆ ಕಂದು-ನೇರಳೆ ಛಾಯೆ ಇದ್ದರೆ ಕ್ರಿಸ್ಪಾ. ಹೂ ಅದಕ್ಕಿಂತ ಚಿಕ್ಕದಾಗಿ ಎಸಳ ಮೇಲೆ ನೇರಳೆ ಚುಕ್ಕಿ ಇದ್ದರೆ ಮ್ಯಾಕ್ಯುಲೋಸಾ. ಹೆಸರಲ್ಲೇ ಇದೆ: ಲ್ಯಾಟಿನ್ನಲ್ಲಿ ಒಂದಕ್ಕೆ ನಿರಿಗೆ, ಇನ್ನೊಂದಕ್ಕೆ ಚುಕ್ಕಿ. ಆದರೆ ಚುಕ್ಕಿ ಕಂಡ ತಕ್ಷಣ ಮ್ಯಾಕ್ಯುಲೋಸಾ ಅನ್ನಬೇಡಿ, ರೆಟ್ಯೂಸಾಗೂ ಚುಕ್ಕಿ ಇದೆ. ಮೊದಲು ಚೀಲ, ಆಮೇಲೆ ಬಣ್ಣ.

ಮಳೆಕಾಡು:
ಎಲೆಯ ವಿಷಯ: ರೆಟ್ಯೂಸಾದ ಎಲೆ ದೋಣಿಯಂತೆ ಮಡಿಚಿದ್ದು, ತುದಿ ಯಾರೋ ಕಚ್ಚಿ ಬಿಟ್ಟ ಹಾಗೆ ಏರುಪೇರು. ಏರಿಡಿಸ್‌ದು ಎಲೆಯ ತುದಿಯಲ್ಲಿ ಸಾಮಾನ್ಯವಾಗಿ ಎರಡು ಮೊಂಡು ಹಾಲೆ. ಹುಳ ತಿಂದ ತುದಿ ನೋಡಿ ಮೋಸ ಹೋಗೋದು ಸುಲಭ, ಅದಕ್ಕೆ ನಾಲ್ಕೈದು ಎಲೆ ನೋಡಿ. ಆದರೂ ಎಲೆಯೊಂದರಿಂದಲೇ ಖಚಿತವಾಗಿ ಹೇಳೋಕೆ ನಾನು ಒಪ್ಪಲ್ಲ.

ಹೂ ಇರುವಾಗಲೇ ಗಿಡದ ಪಕ್ಕ ಕೊಂಬೆಗೆ ಬಣ್ಣದ ದಾರ ಕಟ್ಟಿಬಿಡಿ. ಮರಗಸಿ (ನೆರಳು ಮರದ ಕೊಂಬೆ ಕಡಿಯೋದು) ಮಾಡುವಾಗ ಗುರುತು ಕಂಡು ಆ ಕೊಂಬೆ ಉಳಿಯುತ್ತೆ. ಗಿಡ ಬಿದ್ದರೆ ಬೇರು ತೊಗಟೆಗೆ ತಾಗುವ ಹಾಗೆ ತೆಂಗಿನ ನಾರಿನ ಹಗ್ಗದಲ್ಲಿ ಬೇರೆ ಮರಕ್ಕೆ ಕಟ್ಟಿ. ಮಣ್ಣಲ್ಲಿ ನೆಟ್ಟರೆ ಬೇರು ಕೊಳೆಯುತ್ತೆ.

ತೋಟದಂಚು:
ಒತ್ತಾಗಿದ್ದರದ್ದು ಚಪ್ಪಟೆ ಚೀಲ, ತೊಟ್ಟಿನ ಕಡೆ. ಇನ್ನೊಂದರದ್ದು ಮುಂದಕ್ಕೆ ಬಾಗಿದ ಕೊಂಬು, ಅಂಚು ನಿರಿಗೆ, ಎಸಳಲ್ಲಿ ಚುಕ್ಕಿ ಇಲ್ಲ, ಅಳೆದರೆ 3 ಸೆಂ.ಮೀ.

ಬೇರುಬಿಳಲು:
ಮೊದಲನೆಯದು ರೆಟ್ಯೂಸಾ, ಎರಡನೆಯದು ಕ್ರಿಸ್ಪಾ.