ಪುಟ್ಟಿ ಕೇಳಿದ ಹತ್ತು ದಿನದ ಶಿಬಿರದ ಬಗ್ಗೆ

ಪುಟ್ಟಿ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ್ದನ್ನು ಇವತ್ತು ಬೆಳಿಗ್ಗೆ ನೋಡಿದೆ. ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ಎರಡು ಸಾಲು ಬರೆದು ಮುಗಿಸುವ ವಿಷಯ ಅಲ್ಲ ಇದು. ಈಗ ಸಂಜೆ ಮನೆಯಲ್ಲಿ ಯಾರೂ ಇಲ್ಲ, ಆರಾಮವಾಗಿ ಕೂತು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ದೊಡ್ಡಣ್ಣ, ಭಾವ, ಅತ್ತಿಗೆ, ನೀವೂ ಪೂರ್ತಿ ಕೇಳಿ.

ನೋಡದೇ ಇದ್ದವರಿಗೆ ಮೊದಲು ಹೇಳಿಬಿಡುತ್ತೇನೆ. ಪುಟ್ಟಿ ಬರೆದಿದ್ದು ಇಷ್ಟು. ತಿಂಗಳ ಮೇಲಾಯಿತು, ಸರಿಯಾಗಿ ನಿದ್ದೆ ಇಲ್ಲ. ರಾತ್ರಿ ಮೂರು ಗಂಟೆಗೆ ಎದೆ ಡವಡವ ಅಂತ ಹೊಡೆದುಕೊಂಡು ಎಚ್ಚರ ಆಗುತ್ತದೆ. ಭಾನುವಾರ ಸಂಜೆ ಬಂತೆಂದರೆ ಸೋಮವಾರದ ಆಫೀಸಿನ ಭಯ ಶುರು. ಊಟ ಸೇರುವುದಿಲ್ಲ. ಮುಂದಿನ ತಿಂಗಳು ಹತ್ತು ದಿನದ ವಿಪಶ್ಯನ ಶಿಬಿರ, ಅಂದರೆ ಮಾತಿಲ್ಲದೆ ಕೂತು ಧ್ಯಾನ ಕಲಿಯುವ ಶಿಬಿರ ಇದೆ, ಹೋಗಲಾ ಅಂತ ಕೇಳಿದ್ದಾಳೆ. ಅದಕ್ಕೆ ದೊಡ್ಡಣ್ಣ, 'ಹೋಗಿ ಬಾ, ಧ್ಯಾನದಿಂದ ಎಲ್ಲ ಸರಿಹೋಗುತ್ತೆ, ಡಾಕ್ಟರ್ ಗೀಕ್ಟರ್ ಅಂತ ಹೋಗಬೇಡ, ಮಾತ್ರೆ ಹಿಡಿದರೆ ಬಿಡೋಕಾಗಲ್ಲ' ಅಂದಿದ್ದಾರೆ. ಭಾವ ಕಪಾಲಭಾತಿಯ ವಿಡಿಯೋ ಹಾಕಿದ್ದಾರೆ. ಇಬ್ಬರೂ ಪ್ರೀತಿಯಿಂದಲೇ ಹೇಳಿದ್ದು, ನನಗೆ ಗೊತ್ತು. ಆದರೂ ಇಬ್ಬರ ಮಾತನ್ನೂ ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಪುಟ್ಟಿ, ನೀನು ಬಾಯಿಬಿಟ್ಟು ಹೇಳಿಕೊಂಡೆಯಲ್ಲ, ಅದು ತುಂಬ ಒಳ್ಳೆಯದಾಯಿತು. ನಮ್ಮ ಮನೆಯಲ್ಲಿ ಜ್ವರ ಬಂದರೆ ಎಲ್ಲರಿಗೂ ಹೇಳುತ್ತೇವೆ, ಮನಸ್ಸಿಗೆ ಹುಷಾರಿಲ್ಲ ಅಂದರೆ ಬಾಗಿಲು ಹಾಕಿಕೊಳ್ಳುತ್ತೇವೆ. ಮೊದಲ ಸಲ ಒಬ್ಬಳು ಎಲ್ಲರೆದುರು ಹೇಳಿದ್ದಾಳೆ.

ನನ್ನ ಉತ್ತರ ಇದು. ಶಿಬಿರ ಈಗ ಬೇಡ. ಧ್ಯಾನ ಇವತ್ತಿನಿಂದಲೇ ಇರಲಿ, ಆದರೆ ಸ್ವಲ್ಪ ಸ್ವಲ್ಪ. ಡಾಕ್ಟರನ್ನು ಮಾತ್ರ ನೋಡಲೇಬೇಕು.

ಶಿಬಿರ ಯಾಕೆ ಬೇಡ ಅಂದರೆ, ಅದು ಏನು ಅಂತ ನನಗೆ ಗೊತ್ತು. ಬೆಂಗಳೂರಿನ ತುಮಕೂರು ರಸ್ತೆ ಕಡೆ ಆಲೂರಿನಲ್ಲಿ ಧಮ್ಮ ಪಫುಲ್ಲ ಅಂತ ಕೇಂದ್ರ ಇದೆಯಲ್ಲ, ಅಲ್ಲಿ ನಾನು ಕೂತು ಬಂದಿದ್ದೇನೆ. ಗೋಯೆಂಕಾ ಅವರ ಪದ್ಧತಿ. ಅವರು ಬರ್ಮಾದ ಮಾಂಡಲೆಯಲ್ಲಿ ಹುಟ್ಟಿ ಬೆಳೆದವರು. ಬರ್ಮಾದಲ್ಲೇ ಊ ಬಾ ಖಿನ್ ಅನ್ನುವವರ ಹತ್ತಿರ ಕಲಿತು 1969ರಲ್ಲಿ ಭಾರತಕ್ಕೆ ಬಂದು ಕಲಿಸೋಕೆ ಶುರುಮಾಡಿದರು. ಶಿಬಿರಕ್ಕೆ ಫೀಸು ಇಲ್ಲ. ಮುಗಿದ ಮೇಲೆ ಮನಸ್ಸಿದ್ದರೆ ದಾನ ಕೊಡಬಹುದು. ಆ ಜಾಗದ ಬಗ್ಗೆ ನನಗೆ ಗೌರವ ಇದೆ, ನನಗೆ ಅದರಿಂದ ತುಂಬ ಉಪಕಾರ ಆಗಿದೆ.

ಆದರೆ ಅದು ಸುಮ್ನೆ ಹೋಗಿ ರೆಸ್ಟ್ ತೆಗೆದುಕೊಂಡು ಬರುವ ಜಾಗ ಅಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ ಹೊಡೆಯುತ್ತಾರೆ. ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು. ಫೋನು ಮೊದಲ ದಿನವೇ ಒಪ್ಪಿಸಬೇಕು. ಮಾತಿಲ್ಲ, ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ. ಪಕ್ಕದಲ್ಲಿ ಕೂತವರ ಮುಖ ನೋಡಿ ನಗುವ ಹಾಗೂ ಇಲ್ಲ. ರಾತ್ರಿ ಊಟ ಇಲ್ಲ. ಹೊಸಬರಿಗೆ ಸಂಜೆ ಹಣ್ಣು, ಮಂಡಕ್ಕಿ, ಟೀ. ಮೊದಲ ಮೂರು ದಿನ ಬರೀ ಮೂಗಿನ ಹತ್ತಿರದ ಉಸಿರು ಗಮನಿಸೋದು. ನಾಲ್ಕನೇ ದಿನದಿಂದ ಒಂದು ಗಂಟೆ ಕೈಕಾಲು ಅಲ್ಲಾಡಿಸದೆ ಕೂರೋಕೆ ಹೇಳುತ್ತಾರೆ. ಆಗ ಒಳಗೆ ಅದುಮಿ ಇಟ್ಟಿದ್ದೆಲ್ಲ ಮೇಲೆ ಬರುತ್ತದೆ. ನಮ್ಮ ಸಾಲಿನಲ್ಲಿದ್ದ ಒಬ್ಬ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಗಟ್ಟಿಯಾಗಿರುವವರು ಅದನ್ನು ತಾಳಿಕೊಳ್ಳುತ್ತಾರೆ. ನಿದ್ದೆ ಇಲ್ಲದೆ, ಊಟ ಇಲ್ಲದೆ, ಆಗಲೇ ಎದೆ ಹೊಡೆದುಕೊಳ್ಳುತ್ತಿರುವ ನಿನ್ನನ್ನು ಅಲ್ಲಿಗೆ ಕಳಿಸೋಕೆ ನನಗೆ ಧೈರ್ಯ ಇಲ್ಲ. ಅರ್ಜಿಯಲ್ಲೇ ಮಾನಸಿಕ ತೊಂದರೆ ಇದೆಯಾ, ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಅಂತ ಕೇಳುತ್ತಾರೆ. ಅದಕ್ಕೆ ಯಾರೂ ಸುಳ್ಳು ಬರೆಯಬಾರದು. ಧ್ಯಾನ ಮಾಡುವಾಗ ಕೆಲವರಿಗೆ ಭಯ, ಗಾಬರಿ ಜಾಸ್ತಿ ಆಗುವುದು ಇದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ವಿಲೋಬಿ ಬ್ರಿಟನ್ ಅನ್ನುವವರು ಇದನ್ನೇ ಅಧ್ಯಯನ ಮಾಡಿದ್ದಾರೆ. ನೀನು ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಡಾಕ್ಟರ್ ಒಪ್ಪಿದರೆ, ಮುಂದೆ ಯಾವತ್ತಾದರೂ ಹೋಗೋಣ. ನಾನೂ ಬರುತ್ತೇನೆ.

ಈಗ ದೊಡ್ಡಣ್ಣ ಹೇಳಿದ ಮಾತಿಗೆ ಬರುತ್ತೇನೆ. ಅಣ್ಣ, ಮಾತ್ರೆ ರೂಢಿ ಆಗಿಬಿಡುತ್ತೆ ಅನ್ನುವ ನಿಮ್ಮ ಹೆದರಿಕೆ ಪೂರ್ತಿ ಸುಳ್ಳಲ್ಲ. ಅಲ್ಪ್ರಜೋಲಾಮ್ ತರದ, ಗಾಬರಿ ತಕ್ಷಣ ತಗ್ಗಿಸುವ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗಿದರೆ ಬಿಡೋದು ಕಷ್ಟವೇ. ಆದರೆ ಆತಂಕಕ್ಕೆ, ಖಿನ್ನತೆಗೆ ಡಾಕ್ಟರು ಸಾಮಾನ್ಯವಾಗಿ ಮೊದಲು ಕೊಡುವ ಮಾತ್ರೆ ಆ ಜಾತಿಯದಲ್ಲ. ಅವು ಕೆಲಸ ಮಾಡೋಕೆ ಕೆಲವು ವಾರ ಬೇಕು. ನಿಲ್ಲಿಸುವಾಗಲೂ ಡಾಕ್ಟರು ಹೇಳಿದ ಹಾಗೆ ನಿಧಾನವಾಗಿ ಇಳಿಸಿಕೊಂಡು ಬರಬೇಕು, ಅಷ್ಟೇ. ಮತ್ತೆ, ಪುಟ್ಟಿಗೆ ಮಾತ್ರೆ ಬೇಕೋ ಬೇಡವೋ ಅಂತ ಹೇಳೋಕೆ ನೀವೂ ಡಾಕ್ಟರಲ್ಲ, ನಾನೂ ಅಲ್ಲ. ಬರೀ ಮಾತುಕತೆಯ ಚಿಕಿತ್ಸೆಯೇ ಸಾಕಾಗಬಹುದು. ಅಥವಾ ಥೈರಾಯ್ಡ್ ಏರುಪೇರಾಗಿರಬಹುದು, ರಕ್ತ ಕಡಿಮೆ ಇರಬಹುದು, ಬಿ12 ಇಳಿದಿರಬಹುದು. ಎದೆ ಹೊಡೆದುಕೊಳ್ಳುವುದಕ್ಕೂ ಸುಸ್ತಿಗೂ ಇವೂ ಕಾರಣ ಆಗುತ್ತವೆ. ರಕ್ತ ಪರೀಕ್ಷೆ ಮಾಡಿಸದೆ ಇದು ಮನಸ್ಸಿನದೇ ಅಂತ ನಾವು ಹೇಗೆ ಹೇಳೋದು?

ಒಂದು ಅಧ್ಯಯನದ ವಿಷಯ ಹೇಳುತ್ತೇನೆ ಅಣ್ಣ, ನಿಮ್ಮ ಮಾತಿಗೂ ಅದರಲ್ಲಿ ಬಲ ಇದೆ, ನನ್ನ ಮಾತಿಗೂ ಇದೆ. 2022ರಲ್ಲಿ ಜಾಮಾ ಸೈಕಿಯಾಟ್ರಿ ಅನ್ನುವ ಪತ್ರಿಕೆಯಲ್ಲಿ ಬಂದಿದ್ದು. ಆತಂಕದ ಕಾಯಿಲೆ ಇರುವ 276 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆತಂಕಕ್ಕೆ ಕೊಡುವ ಎಸ್ಸಿಟಾಲೋಪ್ರಾಮ್ ಮಾತ್ರೆ, ಇನ್ನೊಂದಕ್ಕೆ ಎಂಟು ವಾರದ ಮೈಂಡ್‌ಫುಲ್‌ನೆಸ್ ತರಬೇತಿ, ಅಂದರೆ ಈ ಕ್ಷಣ ಆಗುತ್ತಿರುವುದನ್ನು ಗಮನಿಸುವ ಧ್ಯಾನ. ಕೊನೆಗೆ ನೋಡಿದರೆ ಎರಡೂ ಗುಂಪಿಗೆ ಹೆಚ್ಚುಕಡಿಮೆ ಒಂದೇ ಅಷ್ಟು ಗುಣ ಸಿಕ್ಕಿತ್ತು. ಅಡ್ಡ ಪರಿಣಾಮ ಮಾತ್ರೆಯವರಲ್ಲೇ ಜಾಸ್ತಿ ಇತ್ತು. ನೋಡಿ, ಧ್ಯಾನಕ್ಕೆ ಅಷ್ಟು ಶಕ್ತಿ ಇದೆ. ಆದರೆ ಅವರು ಮಾಡಿದ್ದು ಫಾರ್ವರ್ಡ್ ವಿಡಿಯೋ ನೋಡಿಕೊಂಡಲ್ಲ. ವಾರಕ್ಕೊಮ್ಮೆ ಎರಡೂವರೆ ಗಂಟೆ ಕ್ಲಾಸು, ಕಲಿಸೋಕೆ ತರಬೇತಾದ ಟೀಚರು, ಮನೆಯಲ್ಲಿ ದಿನಾ ಮುಕ್ಕಾಲು ಗಂಟೆ ಅಭ್ಯಾಸ. ಮೇಲಾಗಿ ಅವರೆಲ್ಲ ಮೊದಲೇ ತಜ್ಞರು ಪರೀಕ್ಷೆ ಮಾಡಿ ಇದು ಆತಂಕ ಅಂತ ಗುರುತಿಸಿದವರು. ಡಾಕ್ಟರನ್ನು ಬಿಟ್ಟು ಧ್ಯಾನ ಅಂತ ಯಾರೂ ಹೇಳಿಲ್ಲ. ಆ ತರಬೇತಿ ಹುಟ್ಟಿದ್ದೂ ಆಸ್ಪತ್ರೆಯಲ್ಲೇ. 1979ರಲ್ಲಿ ಮಸಾಚುಸೆಟ್ಸ್‌ನ ಮೆಡಿಕಲ್ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಅನ್ನುವವರು ಶುರು ಮಾಡಿದರು, ದೀರ್ಘ ಕಾಲದ ನೋವಿನಿಂದ ಬಳಲುವ ರೋಗಿಗಳಿಗಾಗಿ.

ಭಾವ, ಕಪಾಲಭಾತಿ ಸದ್ಯಕ್ಕೆ ಬೇಡ. ಗಾಬರಿ ಇರುವವರು ಬುಸಬುಸ ಅಂತ ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತಬಹುದು, ಬೆರಳು ಜೋಮು ಹಿಡಿಯಬಹುದು. ಅದನ್ನು ನೋಡಿ ಇನ್ನಷ್ಟು ಗಾಬರಿ ಆಗುತ್ತದೆ. ಅವಳಿಗೆ ಬೇಕಾಗಿರುವುದು ನಿಧಾನದ ಉಸಿರು.

ಪುಟ್ಟಿ, ಇನ್ನು ನಿನ್ನ ಹತ್ತಿರ ಮಾತಾಡುತ್ತೇನೆ. ಪಿಜಿ ರೂಮಿನಲ್ಲಿ ಒಂದು ಕುರ್ಚಿ ಇದೆಯಲ್ಲ, ಅದರ ಮೇಲೇ ಕೂತುಕೋ. ಪದ್ಮಾಸನ ಬೇಕಿಲ್ಲ. ಎರಡೂ ಪಾದ ನೆಲಕ್ಕೆ ತಾಗಲಿ, ನೆಲದ ತಂಪು ಪಾದಕ್ಕೆ ಗೊತ್ತಾಗಲಿ. ಕಣ್ಣು ಮುಚ್ಚಿದರೆ ಹೆದರಿಕೆ ಆಗುತ್ತದೆ ಅಂದರೆ ಮುಚ್ಚಬೇಡ, ಎದುರಿನ ನೆಲ ನೋಡುತ್ತಾ ಇರು. ಉಸಿರು ಒಳಗೆ ಹೋಗುವಾಗ ಮೂಗಿನ ಹೊಳ್ಳೆ ತಂಪಾಗುತ್ತದೆ, ಹೊರಗೆ ಬರುವಾಗ ಸ್ವಲ್ಪ ಬೆಚ್ಚಗೆ. ಅಷ್ಟನ್ನು ಗಮನಿಸು. ಹೊರಗೆ ಬಿಡುವ ಉಸಿರು ಒಳಗೆ ತೆಗೆದುಕೊಂಡಿದ್ದಕ್ಕಿಂತ ಸ್ವಲ್ಪ ಉದ್ದ ಇರಲಿ. ಉಸಿರು ಬಿಡುವಾಗ ಹೃದಯದ ಬಡಿತ ತಾನಾಗೇ ನಿಧಾನ ಆಗುತ್ತದೆ, ದೇಹದ ರಚನೆಯೇ ಹಾಗಿದೆ. ಐದು ನಿಮಿಷ ಸಾಕು. ಐದು ಜಾಸ್ತಿ ಅನ್ನಿಸಿದರೆ ಎರಡು.

ಒಂದು ನಾಲ್ಕು ಉಸಿರಿಗೆ ಮನಸ್ಸು ಓಡಿಹೋಗುತ್ತದೆ. ಮ್ಯಾನೇಜರ್ ಅಂದ ಮಾತು, ಕಟ್ಟಬೇಕಾದ ಬಾಡಿಗೆ, ಕಳಿಸದ ಮೇಲ್. ಹೋಯಿತಲ್ಲ, ನನ್ನ ಕೈಲಿ ಆಗುವುದಿಲ್ಲ ಅಂತ ಎದ್ದುಬಿಡಬೇಡ. ಹಗ್ಗ ಬಿಚ್ಚಿಕೊಂಡು ಹೋದ ಕರುವನ್ನು ಹೊಡೆಯದೆ ಕೊಟ್ಟಿಗೆಗೆ ಕರೆತರುತ್ತೇವಲ್ಲ, ಹಾಗೆ ವಾಪಸ್ ಉಸಿರಿಗೆ ಬಾ. ಇಪ್ಪತ್ತು ಸಲ ಹೋದರೆ ಇಪ್ಪತ್ತು ಸಲ ಬಾ. ಆ ಬರುವುದೇ ಅಭ್ಯಾಸ. ಮನಸ್ಸು ಖಾಲಿ ಆಗಲಿ ಅಂತ ಕಾಯಬೇಡ, ನನಗೆ ಇವತ್ತಿಗೂ ಖಾಲಿ ಆಗುವುದಿಲ್ಲ.

ರಾತ್ರಿ ಮೂರಕ್ಕೆ ಎಚ್ಚರ ಆದಾಗ ಏನು ಮಾಡಬೇಕು ಅಂದರೆ, ಮೊದಲು ಫೋನು ಮುಟ್ಟಬೇಡ. ಎದೆ ಡವಡವ ಅನ್ನುತ್ತದೆ ಅಂದೆಯಲ್ಲ, ಆಗಿನ ಬಿಗಿ ಎಲ್ಲಿದೆ ಅಂತ ಸರಿಯಾಗಿ ನೋಡು. ಗಂಟಲ ಕೆಳಗಾ? ಎದೆಮೂಳೆಯ ಹಿಂದೆಯಾ? ಒಂದು ಮುಷ್ಟಿಯಷ್ಟು ಜಾಗವಾ, ಅಂಗೈಯಷ್ಟಾ? ಬಿಸಿಯಾ, ಭಾರವಾ? ಅದನ್ನು ಓಡಿಸೋಕೆ ಹೋಗಬೇಡ, ಸುಮ್ನೆ ನೋಡು. ನಾನು ಮೊದಲ ಸಲ ಹೀಗೆ ನೋಡಿದಾಗ ನನಗೆ ಆಶ್ಚರ್ಯ ಆಗಿತ್ತು. ಮೈಪೂರ್ತಿ ತುಂಬಿಕೊಂಡಿದೆ ಅಂದುಕೊಂಡಿದ್ದ ಭಯ ನಿಜವಾಗಿ ಇದ್ದದ್ದು ಎಡಗಡೆ ಸಣ್ಣ ಜಾಗದಲ್ಲಿ. ನೋಡುತ್ತಾ ಇದ್ದಂತೆ ಅದು ಜಾಗ ಬದಲಿಸಿತು, ಆಮೇಲೆ ಸಡಿಲ ಆಯಿತು. ನಿನಗೆ ಹೀಗೆ ನೋಡುವುದರಿಂದ ಹೆದರಿಕೆ ಏರಿದರೆ ಅಲ್ಲಿಗೆ ನಿಲ್ಲಿಸು, ಗಮನವನ್ನು ಪಾದಕ್ಕೆ ತಂದುಕೋ. ಇಪ್ಪತ್ತು ನಿಮಿಷ ಆದರೂ ನಿದ್ದೆ ಬರದಿದ್ದರೆ ಹಾಸಿಗೆಯಲ್ಲೇ ಹೊರಳಾಡಬೇಡ. ಎದ್ದು ಮಂದ ಬೆಳಕಿನಲ್ಲಿ ಕುರ್ಚಿ ಮೇಲೆ ಕೂತಿರು, ಕಣ್ಣು ಎಳೆಯತೊಡಗಿದಾಗ ಹೋಗಿ ಮಲಗು. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಕುಡಿದ ಕಾಫಿಯ ಅರ್ಧ ಕೆಫೀನ್ ಐದು ಗಂಟೆ ಆದರೂ ಮೈಯಲ್ಲೇ ಇರುತ್ತದೆ.

ಇದರಿಂದ ಏನು ಸಿಗುತ್ತೆ ಅಂತ ಕೇಳಬಹುದು. ನನಗೆ ಸಿಕ್ಕಿದ್ದನ್ನು ಹೇಳುತ್ತೇನೆ. ಹತ್ತನೇ ಕ್ಲಾಸಿನ ಪ್ರಿಪರೇಟರಿ ಪೇಪರ್ ಕೊಡುವಾಗ ಒಬ್ಬ ಹುಡುಗ ನನ್ನೆದುರೇ ಪೇಪರ್ ಮುದುರಿ ಡೆಸ್ಕಿನ ಕೆಳಗೆ ಹಾಕಿದ. ನನ್ನ ಎರಡೂ ಕಿವಿ ಬಿಸಿಯಾಯಿತು. ಬಿಸಿಯಾಗಿದ್ದು ನನಗೆ ಗೊತ್ತಾಯಿತು, ಅದೇ ಮುಖ್ಯ. ಬಾಯಿಗೆ ಬಂದಿದ್ದನ್ನು ಅನ್ನದೆ, 'ಕ್ಲಾಸ್ ಮುಗಿದ ಮೇಲೆ ಬಾ' ಅಂದೆ. ಬಂದ. ಅಪ್ಪ ಮನೆ ಬಿಟ್ಟುಹೋಗಿ ಎರಡು ವಾರ ಆಗಿತ್ತಂತೆ. ಅವತ್ತು ಎಲ್ಲರೆದುರು ಬೈದಿದ್ದರೆ ಆ ಮಗು ನನಗೆ ಇದನ್ನು ಯಾವತ್ತೂ ಹೇಳುತ್ತಿರಲಿಲ್ಲ. ನನ್ನ ಪಾಲಿಗೆ ಬೆಳವಣಿಗೆ ಅಂದರೆ ಇದೇ.

ಇನ್ನೊಂದು ಮಾತು ಪುಟ್ಟಿ, ಇದು ತುಂಬ ಮುಖ್ಯ. ಬದುಕಿ ಏನು ಪ್ರಯೋಜನ, ಸತ್ತರೆ ಸಾಕು ಅಂತ ಮನಸ್ಸಿಗೆ ಬಂದಿದ್ದರೆ, ಒಂದೇ ಒಂದು ಸಲ ಬಂದಿದ್ದರೂ, ಗ್ರೂಪಿನಲ್ಲಿ ಬರೆಯಬೇಕಿಲ್ಲ. ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಎತ್ತುತ್ತೇನೆ. ನಾನು ಸಿಗದಿದ್ದರೆ 14416ಕ್ಕೆ ಮಾಡು. ಅದು ಸರ್ಕಾರದ ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಇರುವ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಗಿದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಷ್ಟು ಕಷ್ಟ ಇಲ್ಲದಿದ್ದರೂ, ಯಾರಿಗೆ ತೋರಿಸಬೇಕು ಅಂತ ಕೇಳೋಕೂ ಮಾಡಬಹುದು. ಗ್ರೂಪಿನಲ್ಲಿರುವ ಎಲ್ಲರೂ ಈ ನಂಬರ್ ಸೇವ್ ಮಾಡಿಕೊಳ್ಳಿ.

ಅತ್ತಿಗೆ, ನೀವು ದಿನಾ ಫೋನ್ ಮಾಡಿದಾಗ ಮೊದಲು ಮದುವೆ ಮಾತು ಎತ್ತಬೇಡಿ, ಎರಡು ತಿಂಗಳ ಮಟ್ಟಿಗಾದರೂ. ಊಟ ಮಾಡಿದೆಯಾ, ಏನು ತಿಂದೆ ಅಂತ ಕೇಳಿ, ಅವಳು ಏನೂ ಹೇಳದಿದ್ದರೆ ಸುಮ್ನೆ ಲೈನಿನಲ್ಲಿ ಇರಿ. ಉಳಿದವರು ಅವಳಿಗೆ ಸಲಹೆಯ ವಿಡಿಯೋ ಕಳಿಸೋದು ಇವತ್ತಿಗೆ ನಿಲ್ಲಿಸೋಣ. ದಿನಾ ಹತ್ತು ಜನ ಹತ್ತು ದಾರಿ ತೋರಿಸಿದರೆ ಆ ಮಗು ಯಾವುದನ್ನು ಹಿಡಿಯಬೇಕು?

ನಾನು ಸೋಮವಾರಕ್ಕೆ ರಜೆ ಹಾಕಿದ್ದೇನೆ. ಭಾನುವಾರ ಶಿವಮೊಗ್ಗದಿಂದ ರೈಲು ಹತ್ತಿ ಬರುತ್ತೇನೆ, ರಾತ್ರಿ ನಿನ್ನ ರೂಮಿನಲ್ಲೇ ಇರುತ್ತೇನೆ, ವಾರ್ಡನ್‌ಗೆ ಹೇಳಿಡು. ಸೋಮವಾರ ಬೆಳಿಗ್ಗೆ ಬೇಗ ಹೊರಟು ನಿಮ್ಹಾನ್ಸ್ ಹೊರರೋಗಿ ವಿಭಾಗಕ್ಕೆ ಹೋಗೋಣ. ಮೊದಲ ಸಲ ಅಲ್ಲಿ ತುಂಬ ಹೊತ್ತು ಹಿಡಿಯುತ್ತದೆ, ಆಫೀಸಿಗೆ ಪೂರ್ತಿ ದಿನ ರಜೆ ಹಾಕು. ಅಷ್ಟರೊಳಗೆ ಪಿಜಿ ಹತ್ತಿರದ ಡಾಕ್ಟರಿಗೆ ಒಮ್ಮೆ ತೋರಿಸಿ, ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಮಾಡಿಸಬೇಕಾ ಅಂತ ಕೇಳು. ಆ ರಿಪೋರ್ಟು, ಆಧಾರ್ ಕಾರ್ಡು ಒಂದೇ ಕವರಿನಲ್ಲಿ ಹಾಕಿಡು. ಚಕ್ಕುಲಿ ತರಲಾ, ಕೋಡುಬಳೆ ತರಲಾ, ಅದನ್ನೂ ಹೇಳು.