ಓದುಗರ ಸ್ಪಂದನ: ಡೇಕೇರ್ ಫೀಸು ಕಟ್ಟಲೇ, ಕೆಲಸ ಬಿಡಲೇ?

ಎಂಟು ತಿಂಗಳ ಮಗುವನ್ನು ಡೇಕೇರ್‌ಗೆ ಬಿಟ್ಟರೆ ತಮ್ಮ ಸಂಬಳದ ಅರ್ಧಕ್ಕಿಂತ ಜಾಸ್ತಿ ಅಲ್ಲಿಗೇ ಹೋಗುತ್ತದೆ, ಕೆಲಸ ಬಿಟ್ಟುಬಿಡಲೇ ಎಂದು ಓದುಗರೊಬ್ಬರು ಕಳೆದ ಸಲ ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ. – ಸಂ.

ನಿಮ್ಮ ಪತ್ರ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಹನ್ನೊಂದು ವರ್ಷದ ಹಿಂದೆ ಇದೇ ಲೆಕ್ಕ ನಾನೂ ಹಾಕಿದ್ದೆ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ. ನನ್ನ ಸಂಬಳ ಬರೆದು ಫೀಸು ಕಳೆದೆ, ಬಸ್ಸಿನ ಖರ್ಚು ಕಳೆದೆ, ತಡವಾದರೆ ಕಾಲು ಗಂಟೆಗಿಷ್ಟು ಅಂತ ಕಟ್ಟುವ ದಂಡವನ್ನೂ ಕಳೆದೆ. ಆ ದಂಡಕ್ಕೆ ಹೆದರಿ ಎಷ್ಟು ಓಡಿದ್ದೇನೋ! ಒಂದು ಸಂಜೆ ಹೋಗುವಷ್ಟರಲ್ಲಿ ಬೇರೆ ಮಕ್ಕಳೆಲ್ಲ ಹೊರಟುಹೋಗಿದ್ದರು. ಮಗಳೊಬ್ಬಳೇ ಶೂ ಹಾಕಿಕೊಂಡು, ಬ್ಯಾಗು ತೊಡೆ ಮೇಲಿಟ್ಟುಕೊಂಡು ಬಾಗಿಲ ಹತ್ತಿರ ಕೂತಿದ್ದಳು. ಮಾರನೇ ದಿನ ರಾಜೀನಾಮೆ ಕೊಟ್ಟೆ. ಎರಡು ವರ್ಷಕ್ಕೆ ಅಂತ ಬಿಟ್ಟದ್ದು ಆರಾಯಿತು. ವಾಪಸ್ ಸೇರಿದಾಗ, ನಾನೇ ಕೆಲಸ ಕಲಿಸಿದ್ದ ಹುಡುಗನಿಗೆ ರಜಾ ಅರ್ಜಿ ಕೊಡಬೇಕಾಯಿತು. ಫೀಸು ಕಟ್ಟುವುದು ಮೂರ್ನಾಲ್ಕು ವರ್ಷ. ತಪ್ಪಿದ ಬಡ್ತಿ ಕೊನೇವರೆಗೂ ಕಳೆಯುತ್ತಲೇ ಇರುತ್ತೆ. ಅಂದಹಾಗೆ, ಆ ಕ್ಯಾಲೆಂಡರಿನಲ್ಲಿ ನನ್ನ ಗಂಡನ ಸಂಬಳದಿಂದ ಒಂದು ಪೈಸೆಯನ್ನೂ ಕಳೆದಿರಲಿಲ್ಲ. ಅದು ಹೊಳೆದದ್ದು ನಿಮ್ಮ ಪತ್ರ ಓದಿದ ಮೇಲೆ.
– ಒಬ್ಬ ತಾಯಿ

ಈ ಕೊನೆಯ ಮಾತನ್ನು ಇನ್ನೂ ಮೂವರು ಬರೆದಿದ್ದಾರೆ. ಎಲ್ಲರೂ ಹಾಗೆ ನೋಡುವುದಿಲ್ಲ. – ಸಂ.

ಸಾಕುವ ತಾಕತ್ತಿಲ್ಲದಿದ್ದರೆ ಹೆರುವ ಮೊದಲೇ ಯೋಚಿಸಬೇಕಿತ್ತು.
– ನಿವೃತ್ತ ಗುಮಾಸ್ತ

ಯೋಚಿಸಬೇಕಿದ್ದವರು ಎಷ್ಟು ಜನ ಎಂದು ಇವರು ತಿಳಿಸಿಲ್ಲ. – ಸಂ.

ಡೇಕೇರ್‌ನವರು ಸುಲಿಯುತ್ತಾರೆ ಅಂತ ಎಲ್ಲರೂ ಬೈಯುತ್ತಾರೆ. ನಾನು ಅಲ್ಲೇ ಆಯಾ ಆಗಿದ್ದವಳು. ಕೂಸುಗಳಿಗೆ ಫೀಸು ಜಾಸ್ತಿ ಯಾಕೆ ಗೊತ್ತಾ? ಒಬ್ಬಳು ನೋಡಬಹುದಾದದ್ದು ಮೂರೋ ನಾಲ್ಕೋ ಕೂಸು. ಒಂದರ ಬಟ್ಟೆ ಬದಲಿಸುವಾಗ ಇನ್ನೊಂದು ಅಳುತ್ತೆ, ಮೂರನೆಯದು ಏನನ್ನೋ ಬಾಯಿಗೆ ಹಾಕಿಕೊಂಡಿರುತ್ತೆ. ಫೀಸು ಕಡಿಮೆ ಇರುವ ಕಡೆ ಈ ಲೆಕ್ಕ ಕೇಳಿ. ಹನ್ನೆರಡು ಕೂಸಿಗೆ ಒಬ್ಬಳೇ ಅಂದರೆ ಸುಮ್ನೆ ಎದ್ದು ಬನ್ನಿ. ಅಷ್ಟು ಫೀಸು ತಗೊಂಡರೂ, ಅಲ್ಲಿ ನನ್ನ ಮಗನನ್ನು ಸೇರಿಸಲು ನನ್ನ ಸಂಬಳ ಸಾಲುತ್ತಿರಲಿಲ್ಲ. ಅವನನ್ನು ನೋಡಿಕೊಂಡದ್ದು ಅವನ ಅಕ್ಕ, ಶಾಲೆ ಬಿಟ್ಟು.
– ಮಾಜಿ ಆಯಾ

1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ, 18ನೇ ವಿಧಿ ಓದಿ. ದುಡಿಯುವವರ ಮಕ್ಕಳಿಗೆ ಪಾಲನಾ ಸೌಲಭ್ಯ ಸಿಗುವಂತೆ ಸರ್ಕಾರಗಳು ನೋಡಿಕೊಳ್ಳಬೇಕು ಅಂತಿದೆ. ಮಗು ಬೆಳೆಸುವ ಹೊಣೆ ಅಪ್ಪ ಅಮ್ಮ ಇಬ್ಬರದೂ ಅಂತ ಅದೇ ವಿಧಿಯ ಶುರುವಿನಲ್ಲೇ ಇದೆ.
– ಕಾನೂನು ವಿದ್ಯಾರ್ಥಿನಿ

ಅಪ್ಪಂದಿರ ಪತ್ರಗಳಿಗೆ ಮುಂದಿನ ಸಲವೂ ಜಾಗ ಇಟ್ಟಿದ್ದೇವೆ. ಈವರೆಗೆ ಒಂದೂ ಬಂದಿಲ್ಲ. – ಸಂ.